ಮಾತ್ರೆ ಆಸ್ಪತ್ರೆಯಲ್ಲಿದೆ, ಮನೆ ಯಾರ ಕೈಯಲ್ಲಿದೆ?

ಎಚ್‌ಐವಿ ಸೋಂಕಿತರಿಗೆ ಉಚಿತ ಎಆರ್‌ಟಿ ಚಿಕಿತ್ಸೆ ನೀಡುವ ಕಾರ್ಯಕ್ರಮವನ್ನು ಭಾರತ ಸರಕಾರವು ಆರಂಭಿಸಿದ್ದು 2004ರ ಎಪ್ರಿಲ್ 1ರಂದು. ಸೋಂಕು ಹೆಚ್ಚಿರುವ ಆರು ರಾಜ್ಯಗಳೆಂದು ಅಂದು ಗುರುತಿಸಲ್ಪಟ್ಟವುಗಳಲ್ಲಿ ಕರ್ನಾಟಕವೂ ಒಂದು. ಅಲ್ಲಿಂದೀಚೆಗೆ ಎರಡು ದಶಕಗಳು ಕಳೆದಿವೆ. ರೋಗ ನಿರೋಧಕ ಶಕ್ತಿ ಕುಸಿಯುವವರೆಗೆ ಕಾಯದೆ, ಸೋಂಕು ಪತ್ತೆಯಾದ ಎಲ್ಲರಿಗೂ ಚಿಕಿತ್ಸೆ ನೀಡಬೇಕೆಂಬ ನೀತಿ 2017ರಿಂದ ಜಾರಿಯಲ್ಲಿದೆ. ಈಗ ಹೆಚ್ಚಿನವರಿಗೆ ದಿನಕ್ಕೆ ಒಂದೇ ಮಾತ್ರೆ ಸಾಕಾಗುತ್ತದೆ. ಅದನ್ನು ತಪ್ಪದೆ ಸೇವಿಸುವವರು ಇತರರಂತೆಯೇ ದುಡಿಯುತ್ತಾರೆ, ಮಕ್ಕಳನ್ನು ಸಾಕುತ್ತಾರೆ, ವೃದ್ಧಾಪ್ಯವನ್ನೂ ಕಾಣುತ್ತಾರೆ. ಒಂದು ಕಾಲದಲ್ಲಿ ಮರಣ ಶಾಸನವೆಂದು ಭಾವಿಸಲಾಗಿದ್ದ ಕಾಯಿಲೆಯು ಇಂದು ಸಕ್ಕರೆ ಕಾಯಿಲೆಯಂತೆ ಜೀವನವಿಡೀ ನಿಭಾಯಿಸಬಹುದಾದ ಕಾಯಿಲೆಯಾಗಿದೆ. ಇದು ವೈದ್ಯ ವಿಜ್ಞಾನದ ಸಾಧನೆ. ಅಲ್ಲಾಹನ ಅನುಗ್ರಹ.

ಆದರೆ ಆಸ್ಪತ್ರೆಯು ಮಾತ್ರೆಯನ್ನು ಕೊಡಬಲ್ಲುದೇ ಹೊರತು ಆ ಮಾತ್ರೆಯನ್ನು ಇಟ್ಟುಕೊಳ್ಳಲು ಒಂದು ಮನೆಯನ್ನು ಕೊಡಲಾರದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ 2023ರ ಅಂದಾಜಿನ ಪ್ರಕಾರ ದೇಶದಲ್ಲಿ ಸುಮಾರು 25 ಲಕ್ಷ ಮಂದಿ ಎಚ್‌ಐವಿಯೊಂದಿಗೆ ಬದುಕುತ್ತಿದ್ದಾರೆ. ಅವರಲ್ಲಿ ಎರಡೂವರೆ ಲಕ್ಷಕ್ಕೂ ಅಧಿಕ ಮಂದಿ ನಮ್ಮ ರಾಜ್ಯದವರು. ಈ ಎರಡೂವರೆ ಲಕ್ಷದಲ್ಲಿ ಮುಸ್ಲಿಮರಿಲ್ಲ ಎಂದು ಭಾವಿಸಲು ಯಾವ ಕಾರಣವೂ ಇಲ್ಲ. ಹಾಗಿದ್ದರೆ ಅವರು ಎಲ್ಲಿ ವಾಸಿಸುತ್ತಿದ್ದಾರೆ? ಯಾರ ಸೂರಿನಡಿ ಇದ್ದಾರೆ? ನಮ್ಮ ಜಮಾಅತ್‌ಗಳು ಈ ಪ್ರಶ್ನೆಯನ್ನು ಎಂದಾದರೂ ಕೇಳಿಕೊಂಡಿವೆಯೇ?

ಬೆಂಗಳೂರು, ಮಂಗಳೂರುಗಳಂತಹ ನಗರಗಳಲ್ಲಿ ಒಂದು ಬೀದಿಯಲ್ಲಿ ಮನೆ ಹೋದರೆ ಇನ್ನೊಂದು ಬಡಾವಣೆಯಲ್ಲಿ ಹುಡುಕಬಹುದು. ಅಲ್ಲಿ ಯಾರು ಯಾರನ್ನೂ ಅರಿಯರು. ಆದರೆ ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲೂಕಿನ ಶ್ರೀರಾಂಪುರದಂತಹ ಹೋಬಳಿ ಕೇಂದ್ರದ ಸ್ಥಿತಿ ಬೇರೆ. ಅಲ್ಲಿ ಎಲ್ಲರಿಗೂ ಎಲ್ಲರ ಮನೆ ಗೊತ್ತು. ತಿಂಗಳಿಗೊಮ್ಮೆಯೋ ಮೂರು ತಿಂಗಳಿಗೊಮ್ಮೆಯೋ ಒಬ್ಬಾಕೆ ಹೊಸದುರ್ಗಕ್ಕೆ, ಅಲ್ಲಿಂದ ಚಿತ್ರದುರ್ಗದ ಆಸ್ಪತ್ರೆಗೆ ಬಸ್ಸು ಹತ್ತಿದರೆ ಏಕೆ ಎಂದು ಕೇಳುವವರಿರುತ್ತಾರೆ. ಬೆಂಗಳೂರು-ಪುಣೆ ಹೆದ್ದಾರಿ ಹಾದುಹೋಗುವ ಈ ಜಿಲ್ಲೆಯಿಂದ ಲಾರಿ ಚಾಲಕರಾಗಿ, ಕ್ಲೀನರುಗಳಾಗಿ, ಬೋರ್‌ವೆಲ್ ಗಾಡಿಯ ಕೆಲಸಗಾರರಾಗಿ, ಗ್ಯಾರೇಜು ಮತ್ತು ಗಾರೆ ಕೆಲಸದವರಾಗಿ ಹೊರಗೆ ದುಡಿಯಲು ಹೋಗುವ ನಮ್ಮ ಯುವಕರು ಅನೇಕರು. ತಿಂಗಳುಗಟ್ಟಲೆ ಮನೆ ಬಿಟ್ಟಿರುವ ದುಡಿಮೆಯು ಈ ಸೋಂಕಿಗೆ ದಾರಿ ಮಾಡಿಕೊಟ್ಟಿರುವುದನ್ನು ಆರೋಗ್ಯ ಇಲಾಖೆಯು ಮೊದಲಿನಿಂದಲೂ ಹೇಳುತ್ತಾ ಬಂದಿದೆ. ಲಾರಿ ಚಾಲಕರು ಮತ್ತು ವಲಸೆ ಕಾರ್ಮಿಕರಿಗಾಗಿ ಪ್ರತ್ಯೇಕ ಜಾಗೃತಿ ಕಾರ್ಯಕ್ರಮಗಳನ್ನು ಇಟ್ಟುಕೊಂಡದ್ದೂ ಅದೇ ಕಾರಣಕ್ಕಾಗಿ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಇದು ಯಾವುದೇ ಒಬ್ಬ ವ್ಯಕ್ತಿಯ ಕಥೆಯಲ್ಲ. ಆದರೆ ಇಂತಹ ಯಾವ ಊರಿನಲ್ಲೂ ನಡೆಯಬಹುದಾದದ್ದು. ಲಾರಿ ಚಾಲಕನೊಬ್ಬ ಪರೀಕ್ಷೆಯನ್ನೇ ಮಾಡಿಸಿಕೊಳ್ಳದೆ, ಚಿಕಿತ್ಸೆ ಪಡೆಯದೆ ಕ್ಷಯ ಉಲ್ಬಣಿಸಿ ತೀರಿಕೊಳ್ಳುತ್ತಾನೆ. ಅನಂತರ ಪತ್ನಿಯ ರಕ್ತ ಪರೀಕ್ಷೆಯಾಗುತ್ತದೆ. ಆಕೆಗೂ ಸೋಂಕು ಇದೆಯೆಂದು ತಿಳಿಯುತ್ತದೆ. ಮಕ್ಕಳಿಗಿಲ್ಲ. ಆಕೆ ಇರುವುದು ಮಾವನ ಮನೆಯಲ್ಲಿ. ಇದ್ದತ್ ಮುಗಿಯುವವರೆಗೆ ಯಾರೂ ಏನೂ ಹೇಳುವುದಿಲ್ಲ. ಬಳಿಕ ಆಕೆಯ ತಟ್ಟೆ-ಲೋಟ ಬೇರೆಯಾಗುತ್ತವೆ. ಮಲಗುವ ಜಾಗ ಹಿತ್ತಲಿಗೆ ಬದಲಾಗುತ್ತದೆ. ತವರಿಗೆ ಹೋಗಿ ಕೆಲವು ದಿನ ಇದ್ದು ಬಾ ಎಂಬ ಸಲಹೆ ಬರುತ್ತದೆ. ತವರಿನಲ್ಲಿ ಅಣ್ಣಂದಿರಿಗೆ ಅವರವರ ಸಂಸಾರ. ಬಾಡಿಗೆ ಮನೆ ಹಿಡಿಯೋಣವೆಂದರೆ ಅಡ್ವಾನ್ಸ್ ಇಲ್ಲ. ಹೇಗೋ ಹಣ ಹೊಂದಿಸಿ ಹಿಡಿದ ಮನೆಯ ಮಾಲಕರಿಗೆ ಯಾರೋ ಕಿವಿಯಲ್ಲಿ ಹೇಳಿದೊಡನೆ, ನಮ್ಮ ಮಗನಿಗೆ ಮನೆ ಬೇಕಾಗಿದೆ ಎಂಬ ಮಾತು ಬರುತ್ತದೆ. ಮತ್ತೆ ಮನೆ ಖಾಲಿ ಮಾಡುವುದು. ಮತ್ತೆ ಹುಡುಕಾಟ.

ಈ ಅಲೆದಾಟದಲ್ಲಿ ಮೊದಲು ತಪ್ಪುವುದು ಮಾತ್ರೆ. ಪರರ ಮನೆಯ ಮೂಲೆಯಲ್ಲಿ ಮಲಗುವವರು ಔಷಧಿಯ ಡಬ್ಬಿಯ ಮೇಲಿನ ಚೀಟಿಯನ್ನು ಕಿತ್ತೆಸೆಯುತ್ತಾರೆ, ಡಬ್ಬಿಯನ್ನೇ ಬಟ್ಟೆಯ ಗಂಟಿನಲ್ಲಿ ಬಚ್ಚಿಡುತ್ತಾರೆ, ಯಾರಾದರೂ ನೋಡಿಯಾರೆಂದು ಒಂದು ದಿನ ಬಿಡುತ್ತಾರೆ. ಊರು ಬದಲಾದಾಗ ಎಆರ್‌ಟಿ ಕೇಂದ್ರವೂ ಬದಲಾಗಬೇಕು. ಅದಕ್ಕೆ ವರ್ಗಾವಣೆಯ ಕಾಗದ ಬೇಕು, ಅಲೆದಾಟ ಬೇಕು. ಎಷ್ಟೋ ಮಂದಿ ಅಲ್ಲಿಗೇ ಚಿಕಿತ್ಸೆಯನ್ನು ಕೈಬಿಡುತ್ತಾರೆ. ಮಾತ್ರೆ ತಪ್ಪಿದರೆ ರಕ್ತದಲ್ಲಿ ವೈರಾಣು ಮತ್ತೆ ಹೆಚ್ಚುತ್ತದೆ, ಔಷಧಿಗೆ ಬಗ್ಗದಂತೆಯೂ ಆಗಬಹುದು. ಗಾಳಿ-ಬೆಳಕಿಲ್ಲದ ಇಕ್ಕಟ್ಟಿನ ಕೋಣೆಯಲ್ಲಿ ಕ್ಷಯ ಬಹುಬೇಗ ಅಂಟಿಕೊಳ್ಳುತ್ತದೆ. ಎಚ್‌ಐವಿ ಸೋಂಕಿತರ ಸಾವಿಗೆ ಅತಿ ದೊಡ್ಡ ಕಾರಣ ಇಂದಿಗೂ ಕ್ಷಯವೇ. ಇಷ್ಟು ಮಾತ್ರವಲ್ಲ, ವಿಳಾಸವಿಲ್ಲದವರಿಗೆ ಪಡಿತರ ಚೀಟಿ ಕಷ್ಟ. ಬಡ ಎಚ್‌ಐವಿ ಬಾಧಿತ ಕುಟುಂಬಗಳನ್ನು ಅಂತ್ಯೋದಯ ಯೋಜನೆಯೊಳಗೆ ಸೇರಿಸಲು ಕೇಂದ್ರ ಸರಕಾರವು 2009ರಲ್ಲೇ ಅವಕಾಶ ಮಾಡಿಕೊಟ್ಟಿತ್ತು. ಮನೆಯೇ ಇಲ್ಲದವಳು ಆ ಚೀಟಿಗೆ ಯಾವ ವಿಳಾಸವನ್ನು ಬರೆಸಬೇಕು?

ಮನೆಗೂ ಆರೋಗ್ಯಕ್ಕೂ ಇರುವ ಈ ನಂಟು ಬರಿಯ ಊಹೆಯಲ್ಲ. ಅಮೆರಿಕದಲ್ಲಿ ಎಚ್‌ಐವಿ ಬಾಧಿತರ ವಸತಿಗೆಂದೇ 1990ರಲ್ಲಿ ಪ್ರತ್ಯೇಕ ಕಾಯ್ದೆಯನ್ನು ರಚಿಸಲಾಯಿತು. ಚಿಕಾಗೋ ನಗರದಲ್ಲಿ, ಸೂರಿಲ್ಲದೆ ಆಸ್ಪತ್ರೆ ಸೇರಿದ್ದ ಎಚ್‌ಐವಿ ಸೋಂಕಿತರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಥಿರವಾದ ವಸತಿ ಮತ್ತು ಅದರೊಂದಿಗೆ ನೆರವಿಗೆ ಒಬ್ಬ ಕಾರ್ಯಕರ್ತರನ್ನು ಒದಗಿಸಿ, ಇನ್ನೊಂದು ಗುಂಪಿಗೆ ಎಂದಿನ ಸೇವೆಯನ್ನಷ್ಟೇ ನೀಡಿ ಅಧ್ಯಯನ ನಡೆಸಲಾಯಿತು. 2009ರಲ್ಲಿ ಅದರ ಫಲಿತಾಂಶ ಪ್ರಕಟವಾಯಿತು. ಒಂದು ವರ್ಷದ ಬಳಿಕ ವಸತಿ ಪಡೆದವರಲ್ಲಿ ಶೇ. 55 ಮಂದಿ ರೋಗ ನಿರೋಧಕ ಶಕ್ತಿಯನ್ನು ಉಳಿಸಿಕೊಂಡು ಬದುಕಿದ್ದರು. ಎಂದಿನ ಸೇವೆ ಪಡೆದವರಲ್ಲಿ ಹಾಗಿದ್ದವರು ಶೇ. 34 ಮಾತ್ರ. ಎರಡೂ ಗುಂಪಿನ ನಡುವಿನ ವ್ಯತ್ಯಾಸವೆಂದರೆ ಒಂದು ಬಾಗಿಲು, ಒಂದು ಬೀಗ ಮತ್ತು ವಿಚಾರಿಸಿಕೊಳ್ಳುವ ಒಬ್ಬ ಮನುಷ್ಯ.

ಅಷ್ಟಕ್ಕೂ, ಮನೆ ಕೊಡಲು ಹಿಂಜರಿಯುವವರು ಹೆದರುವುದು ಯಾವುದಕ್ಕೆ? ಎಚ್‌ಐವಿಯು ಮುಟ್ಟುವುದರಿಂದ ಹರಡುವುದಿಲ್ಲ. ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ವುಝೂವಿನ ನೀರಿನಿಂದ, ಕೆಮ್ಮಿನಿಂದ, ಸೊಳ್ಳೆಯಿಂದ ಹರಡುವುದಿಲ್ಲ. ಲೈಂಗಿಕ ಸಂಪರ್ಕ, ಸೋಂಕಿತ ರಕ್ತ ಹಾಗೂ ಸೂಜಿ, ತಾಯಿಯಿಂದ ಮಗುವಿಗೆ - ಇಷ್ಟೇ ದಾರಿಗಳು. ಚಿಕಿತ್ಸೆಯಿಂದ ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಕಡಿಮೆಯಾದವರಿಂದ ಅವರ ಬಾಳ ಸಂಗಾತಿಗೂ ಸೋಂಕು ಹರಡುವುದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ಸ್ಪಷ್ಟಪಡಿಸಿದೆ. ಹೀಗಿರುವಾಗ, ಬಾಡಿಗೆದಾರಳಿಂದ ಮನೆ ಮಾಲಕನಿಗೆ ಹರಡುವುದಾದರೂ ಹೇಗೆ?

ಕೆಲವರು ಪ್ಲೇಗಿನ ಕುರಿತಾದ ಹದೀಸನ್ನು ಉಲ್ಲೇಖಿಸುತ್ತಾರೆ. ಸಾಂಕ್ರಾಮಿಕ ಹಬ್ಬಿದ ಊರನ್ನು ಪ್ರವೇಶಿಸಬಾರದು, ಅಲ್ಲಿರುವವರು ಹೊರಬರಬಾರದು ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಸಿರಿಯಾದಲ್ಲಿ ಅಮ್ವಾಸ್ ಪ್ಲೇಗ್ ಹಬ್ಬಿದಾಗ ಹಝ್ರತ್ ಉಮರ್(ರ) ದಾರಿಯಿಂದಲೇ ಮರಳಿದ್ದೂ ನಿಜ. ಆದರೆ ಆ ಎಚ್ಚರಿಕೆ ಇದ್ದದ್ದು ಊರಿಂದೂರಿಗೆ ಹಬ್ಬುವ ಪ್ಲೇಗಿನ ವಿಷಯದಲ್ಲಿ. ಕಾಯಿಲೆ ಹೇಗೆ ಹರಡುತ್ತದೆಯೋ ಅದಕ್ಕೆ ತಕ್ಕಂತೆ ಎಚ್ಚರಿಕೆ ಇರಬೇಕೆಂಬುದೇ ಅದರ ಪಾಠ. ಜೊತೆಯಲ್ಲಿ ವಾಸಿಸುವುದರಿಂದ ಹರಡದ ಕಾಯಿಲೆಗೆ ಅದನ್ನು ಅನ್ವಯಿಸುವುದು ಹದೀಸಿಗೂ ನ್ಯಾಯವಲ್ಲ, ವಿವೇಕಕ್ಕೂ ನ್ಯಾಯವಲ್ಲ. ಅದೂ ಅಲ್ಲದೆ, ಪ್ಲೇಗಿನಿಂದ ಮರಣ ಹೊಂದುವ ವಿಶ್ವಾಸಿಗೆ ಹುತಾತ್ಮನ ಸ್ಥಾನವಿದೆಯೆಂದು ಕಲಿಸಿದ ಧರ್ಮವು ಕಾಯಿಲೆಯನ್ನು ಕಳಂಕವೆಂದು ಬಗೆಯಲು ಸಾಧ್ಯವೇ?

ನಿಜವಾಗಿ, ಬಾಗಿಲು ಮುಚ್ಚುವುದು ಕಾಯಿಲೆಯ ಭಯದಿಂದಲ್ಲ. ಅದರ ಹಿಂದಿರುವುದು ಒಂದು ತೀರ್ಪು. ಈ ಕಾಯಿಲೆ ಬಂದಿದೆಯೆಂದರೆ ಆತ ಅಥವಾ ಆಕೆ ಕೆಟ್ಟ ನಡತೆಯವರು ಎಂಬ ತೀರ್ಪು. ವಿಪರ್ಯಾಸವೆಂದರೆ, ಈ ತೀರ್ಪಿಗೆ ಹೆಚ್ಚಾಗಿ ಗುರಿಯಾಗುವವರು ಗಂಡನಿಂದ ಸೋಂಕು ಪಡೆದ ಪತ್ನಿಯರು ಮತ್ತು ತಾಯಿಯಿಂದ ಪಡೆದ ಮಕ್ಕಳು. ಮಗ ಸತ್ತರೆ ಆತನ ತಪ್ಪನ್ನು ಮಣ್ಣಿನೊಂದಿಗೆ ಮರೆಯುವ ಮನೆಯು ಸೊಸೆಯ ಮುಂದೆ ಅದನ್ನು ಪ್ರತಿದಿನ ನೆನಪಿಸಿಕೊಳ್ಳುತ್ತದೆ. ಇದು ಇಸ್ಲಾಮ್ ಕಲಿಸಿದ ನ್ಯಾಯವೇ? ಒಬ್ಬರ ಭಾರವನ್ನು ಇನ್ನೊಬ್ಬರು ಹೊರಲಾರರೆಂದು ಕುರ್‌ಆನ್ ಹಲವು ಬಾರಿ ಸಾರಿದೆ. ಅತಿಯಾದ ಗುಮಾನಿ, ಗೂಢಚಾರಿಕೆ ಮತ್ತು ಪರನಿಂದೆಯನ್ನು ಅದು ಒಟ್ಟಿಗೇ ನಿಷೇಧಿಸಿದೆ(49:12).

ಒಂದು ವೇಳೆ ತಪ್ಪು ನಡೆದೇ ಇದೆಯೆಂದು ಇಟ್ಟುಕೊಳ್ಳೋಣ. ಆಗಲೂ ಮನೆಯಿಂದ ಹೊರದಬ್ಬಲು ನಮಗೆ ಅಧಿಕಾರ ಕೊಟ್ಟವರು ಯಾರು? ಜುಹೈನಾ ಗೋತ್ರದ ಮಹಿಳೆಯೊಬ್ಬರು ತಾವಾಗಿಯೇ ಪ್ರವಾದಿಯವರ(ಸ) ಬಳಿಗೆ ಬಂದು ವ್ಯಭಿಚಾರವನ್ನು ಒಪ್ಪಿಕೊಂಡರು. ಆಕೆ ಗರ್ಭಿಣಿಯಾಗಿದ್ದರು. ಪ್ರವಾದಿ(ಸ) ಆಕೆಯ ಪೋಷಕರನ್ನು ಕರೆಸಿ, ಹೆರಿಗೆಯಾಗುವವರೆಗೆ ಆಕೆಯನ್ನು ಚೆನ್ನಾಗಿ ನೋಡಿಕೊಳ್ಳುವಂತೆ ಆಜ್ಞಾಪಿಸಿದರೆಂದು ಸಹೀಹ್ ಮುಸ್ಲಿಮ್‌ನಲ್ಲಿದೆ. ತಾವಾಗಿ ಒಪ್ಪಿಕೊಂಡವರ ವಿಷಯದಲ್ಲೇ ಹೀಗಿರುವಾಗ, ಬರೀ ಗುಮಾನಿಯ ಮೇಲೆ ಒಬ್ಬ ವಿಧವೆಯನ್ನು ಬೀದಿಗೆ ತಳ್ಳುವವರು ಯಾರ ಸುನ್ನತ್ತನ್ನು ಪಾಲಿಸುತ್ತಿದ್ದಾರೆ?

ಇನ್ನು ದೇಶದ ಕಾನೂನನ್ನು ನೋಡೋಣ. ಎಚ್‌ಐವಿ ಮತ್ತು ಏಡ್ಸ್ (ತಡೆಗಟ್ಟುವಿಕೆ ಮತ್ತು ನಿಯಂತ್ರಣ) ಕಾಯ್ದೆಯನ್ನು ಸಂಸತ್ತು 2017ರಲ್ಲಿ ಅಂಗೀಕರಿಸಿತು. 2018ರ ಸೆಪ್ಟೆಂಬರ್ 10ರಂದು ಅದು ಜಾರಿಗೆ ಬಂತು. ಅದರ 3ನೇ ಕಲಮಿನ ಪ್ರಕಾರ ಸೋಂಕಿತರಿಗೆ ವಾಸಿಸುವ, ಆಸ್ತಿ ಕೊಳ್ಳುವ, ಬಾಡಿಗೆಗೆ ಪಡೆಯುವ ಹಕ್ಕನ್ನು ನಿರಾಕರಿಸುವುದು ನಿಷೇಧಿತ ತಾರತಮ್ಯದ ಸಾಲಿಗೆ ಸೇರುತ್ತದೆ. ಅವರನ್ನು ಪ್ರತ್ಯೇಕಿಸಿ ಇಡುವುದಕ್ಕೂ ನಿಷೇಧವಿದೆ. ಈ ರಕ್ಷಣೆಯು ಸೋಂಕಿತರಿಗೆ ಮಾತ್ರವಲ್ಲ, ಅವರೊಂದಿಗೆ ವಾಸಿಸುವ ಸೋಂಕಿಲ್ಲದ ಮಕ್ಕಳು ಮತ್ತು ಬಂಧುಗಳಿಗೂ ಇದೆ. ಕೂಡಿ ಬಾಳಿದ ಮನೆಯಲ್ಲಿ ವಾಸ ಮುಂದುವರಿಸುವ ಹಕ್ಕನ್ನೂ ಕಾಯ್ದೆ ಕೊಟ್ಟಿದೆ. ದೂರು ಆಲಿಸಲು ಪ್ರತಿ ರಾಜ್ಯವೂ ಓಂಬುಡ್ಸ್‌ಮನ್‌ರನ್ನು ನೇಮಿಸಬೇಕು. ಬಾಧಿತರೇ ಬರಬೇಕೆಂದಿಲ್ಲ, ಯಾರೂ ದೂರು ಕೊಡಬಹುದು. ಓಂಬುಡ್ಸ್‌ಮನ್ ಮೂವತ್ತು ದಿನಗಳೊಳಗೆ ಆದೇಶ ಹೊರಡಿಸಬೇಕು. ಆ ಆದೇಶವನ್ನು ಪಾಲಿಸದವರಿಗೆ ಹತ್ತು ಸಾವಿರ ರೂಪಾಯಿವರೆಗೆ, ತಪ್ಪು ಮುಂದುವರಿದರೆ ದಿನಕ್ಕೆ ಐದು ಸಾವಿರದವರೆಗೆ ದಂಡವಿದೆ. ಇದಲ್ಲದೆ, ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಅಡಿಯಲ್ಲಿ ವಿಧವೆಗೂ ಗಂಡನ ಕುಟುಂಬದ ಮನೆಯಲ್ಲಿ ವಾಸಿಸುವ ಹಕ್ಕಿದೆಯೆಂದು ಸುಪ್ರೀಮ್ ಕೋರ್ಟ್ 2022ರ ಮೇ ತಿಂಗಳಲ್ಲಿ ಪ್ರಭಾ ತ್ಯಾಗಿ ಪ್ರಕರಣದಲ್ಲಿ ತೀರ್ಪಿತ್ತಿದೆ.

ಕಾನೂನು ಚೆನ್ನಾಗಿದೆ. ಆದರೆ ದೂರು ಕೊಡಬೇಕಾದವಳು ಮೊದಲು ತನ್ನ ಕಾಯಿಲೆಯನ್ನು ಕಚೇರಿಯಲ್ಲಿ ಹೇಳಬೇಕಾಗುತ್ತದೆ. ಶ್ರೀರಾಂಪುರದಂತಹ ಊರಿನಲ್ಲಿ ಕಚೇರಿಯಲ್ಲಿ ಹೇಳುವುದಕ್ಕೂ ಬಸ್ ನಿಲ್ದಾಣದಲ್ಲಿ ಹೇಳುವುದಕ್ಕೂ ಹೆಚ್ಚು ಅಂತರವಿಲ್ಲವೆಂದು ಆಕೆ ಭಾವಿಸಿದರೆ ಆಕೆಯನ್ನು ದೂರುವಂತಿಲ್ಲ. ಆದ್ದರಿಂದ, ಮನೆ ಹೋದ ಮೇಲೆ ದೂರು ಕೊಡುವುದಕ್ಕಿಂತ ಮನೆ ಹೋಗದಂತೆ ನೋಡಿಕೊಳ್ಳುವುದು ಮೇಲು. ಅದು ಸಮುದಾಯದಿಂದ ಮಾತ್ರ ಸಾಧ್ಯ.

ಇಲ್ಲಿ ನಾವು ಒಂದು ಕಹಿ ಸತ್ಯವನ್ನು ಎದುರಿಸಬೇಕು. ತಂದೆ ಜೀವಂತವಿರುವಾಗಲೇ ಮಗ ತೀರಿಕೊಂಡರೆ, ಮತ್ತು ತಂದೆಗೆ ಬೇರೆ ಗಂಡು ಮಕ್ಕಳಿದ್ದರೆ, ತೀರಿಹೋದ ಮಗನ ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸು ಹಕ್ಕಿಲ್ಲವೆಂಬುದು ಪ್ರಚಲಿತ ಫಿಕ್‌ಹ್. ಮಾವನ ಆಸ್ತಿಯಲ್ಲಿ ಸೊಸೆಗೆ ಪಾಲಿಲ್ಲ. ಯೌವನದಲ್ಲೇ ಪ್ರಾಣ ತೆಗೆಯುವ ಈ ಕಾಯಿಲೆಯು ಸೃಷ್ಟಿಸುವುದು ಇಂತಹ ಕುಟುಂಬಗಳನ್ನೇ. ಅಜ್ಜ ಇರುವವರೆಗೆ ಹೇಗೋ ಸೂರು ಇರುತ್ತದೆ. ಆತ ತೀರಿಕೊಂಡ ಮರುದಿನ ಮನೆಯು ಮೈದುನರದ್ದಾಗುತ್ತದೆ. ಶರೀಅತ್ತಿನ ಪ್ರಕಾರ ನಿನಗೇನೂ ಇಲ್ಲ ಎಂದು ಆಕೆಗೆ ಹೇಳಲಾಗುತ್ತದೆ. ಐದು ಹೊತ್ತಿನ ನಮಾಝಿಗೆ ಬಾರದವರೂ ಆ ದಿನ ಶರೀಅತ್ತನ್ನು ನೆನಪಿಸಿಕೊಳ್ಳುತ್ತಾರೆ.

ಆದರೆ ಶರೀಅತ್ ಅಲ್ಲಿಗೆ ಮುಗಿಯುವುದಿಲ್ಲ. ವಾರಸುದಾರರಲ್ಲದ ಆಪ್ತರಿಗೆ ಆಸ್ತಿಯ ಮೂರನೇ ಒಂದರಷ್ಟನ್ನು ವಸಿಯ್ಯತ್ ಮಾಡಲು ಅದು ಅವಕಾಶ ಕೊಟ್ಟಿದೆ. ಆಪ್ತ ಸಂಬಂಧಿಕರಿಗೆ ವಸಿಯ್ಯತ್ ಮಾಡುವುದನ್ನು ಕುರ್‌ಆನ್(2:180) ಒತ್ತಿ ಹೇಳಿದೆ. ವಾರಸು ಸಿಗದ ಬಂಧುಗಳಿಗೆ ವಸಿಯ್ಯತ್ ಮಾಡುವುದು ಕಡ್ಡಾಯವೆಂದೇ ಇಬ್ನು ಹಝ್ಮ್ ಅಭಿಪ್ರಾಯಪಟ್ಟಿದ್ದರು. ಈಜಿಪ್ಟ್ 1946ರಲ್ಲಿ ಅನಾಥ ಮೊಮ್ಮಕ್ಕಳಿಗಾಗಿ ಕಡ್ಡಾಯ ವಸಿಯ್ಯತ್ತಿನ ಕಾನೂನನ್ನು ತಂದಿತು. ಪಾಕಿಸ್ತಾನವು 1961ರಲ್ಲಿ ಇನ್ನೊಂದು ದಾರಿ ಹಿಡಿದು, ಮೊಮ್ಮಕ್ಕಳಿಗೆ ತಂದೆಯ ಪಾಲನ್ನೇ ಕೊಡಿಸಿತು. ಭಾರತದಲ್ಲಿ ಕಾನೂನು ಬದಲಾಗಬೇಕೇ ಎಂಬ ಚರ್ಚೆಗೆ ಕಾಯಬೇಕಾಗಿಲ್ಲ. ಅಜ್ಜ ಬದುಕಿರುವಾಗಲೇ ಮನೆಯ ಒಂದು ಕೋಣೆಯನ್ನೋ ಹಿತ್ತಲ ತುಂಡು ಜಾಗವನ್ನೋ ಸೊಸೆಗೆ ಅಥವಾ ಮೊಮ್ಮಕ್ಕಳಿಗೆ ಹಿಬಾ ಮಾಡಿ ಸ್ವಾಧೀನ ಬಿಟ್ಟುಕೊಟ್ಟರೆ ಯಾರೂ ಅದನ್ನು ತಡೆಯಲಾರರು. ಬಾಯಿಮಾತಿನ ಹಿಬಾ ಮುಸ್ಲಿಮ್ ಕಾನೂನಿನಲ್ಲಿ ಊರ್ಜಿತವೇ ಆದರೂ, ಪಂಚಾಯತ್ ಖಾತೆ ಮತ್ತು ಸರಕಾರದ ಸವಲತ್ತಿಗೆ ನೋಂದಾಯಿತ ದಾನಪತ್ರವೇ ಕ್ಷೇಮ. ನಮ್ಮ ಪೇಶ್ ಇಮಾಮರು ಮತ್ತು ಖತೀಬರು ವರ್ಷಕ್ಕೆ ಎರಡು ಜುಮಾಗಳಲ್ಲಾದರೂ ವಸಿಯ್ಯತ್ ಮತ್ತು ಹಿಬಾದ ಬಗ್ಗೆ ಹಿರಿಯರಿಗೆ ತಿಳಿಸಿದರೆ ಎಷ್ಟೋ ಮನೆಗಳು ಉಳಿದಾವು. ಇದಕ್ಕೆ ಎಚ್‌ಐವಿಯ ಹೆಸರನ್ನೇ ಎತ್ತಬೇಕಾಗಿಲ್ಲ.

ಈ ತುಂಡು ಜಾಗಕ್ಕೆ ಇನ್ನೊಂದು ಮಹತ್ವವೂ ಇದೆ. ಕರ್ನಾಟಕ ಸರಕಾರವು 2014-15ರಲ್ಲಿ ವಿಶೇಷ ವರ್ಗಗಳಿಗಾಗಿ ದೇವರಾಜ ಅರಸು ವಸತಿ ಯೋಜನೆಯನ್ನು ಆರಂಭಿಸಿತು. ವಿಧವೆಯರು, ಅಂಗವಿಕಲರು, ಕುಷ್ಠದಿಂದ ಗುಣಮುಖರಾದವರು, ಅಲೆಮಾರಿಗಳು, ಕೋಮುಗಲಭೆ ಸಂತ್ರಸ್ತರು, ಲಿಂಗತ್ವ ಅಲ್ಪಸಂಖ್ಯಾತರು ಮುಂತಾದವರೊಂದಿಗೆ ಎಚ್‌ಐವಿ ಬಾಧಿತ ಕುಟುಂಬಗಳನ್ನೂ ಅದರಲ್ಲಿ ಹೆಸರಿಸಲಾಗಿದೆ. ಇತರ ವಸತಿ ಯೋಜನೆಗಳಂತೆ ಗ್ರಾಮಸಭೆಯಲ್ಲಿ ಹೆಸರು ಓದಿ ಆರಿಸುವ ಬದಲು, ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಸಮಿತಿಯ ಮೂಲಕ ಫಲಾನುಭವಿಗಳನ್ನು ಆರಿಸುವ ವ್ಯವಸ್ಥೆ ಇದೆ. ಗುಟ್ಟು ಕಾಯುವ ದೃಷ್ಟಿಯಿಂದ ಇದು ಒಳ್ಳೆಯದೇ. ಇನ್ನೂ ಒಂದು ಅನುಕೂಲವೆಂದರೆ, ವಿಧವೆಯರದ್ದೂ ಅದೇ ಪಟ್ಟಿ. ತನ್ನ ಕಾಯಿಲೆಯನ್ನು ಹೇಳಲು ಬಯಸದವಳು ವಿಧವೆಯೆಂಬ ನೆಲೆಯಲ್ಲೇ ಅರ್ಜಿ ಹಾಕಬಹುದು.

ತೊಡಕಿರುವುದು ಬೇರೆ ಕಡೆ. ಇಂತಹ ಯೋಜನೆಗಳಲ್ಲಿ ಸರಕಾರ ಕೊಡುವುದು ಮನೆ ಕಟ್ಟಲು ಸಹಾಯಧನ. ಅರ್ಜಿದಾರರ ಬಳಿ ಒಂದು ನಿವೇಶನವೋ ಹಳೆಯ ಕಚ್ಚಾ ಮನೆಯೋ ಇರಬೇಕು. ಮಾವನ ಮನೆಯಿಂದ ಹೊರಬಿದ್ದವಳ ಬಳಿ ಇಲ್ಲದ್ದೇ ಅದು. ಸರಕಾರವು ಗೋಡೆಗೆ ದುಡ್ಡು ಕೊಡಲು ಸಿದ್ಧವಿದ್ದರೂ ಆ ಗೋಡೆಯನ್ನು ಎಬ್ಬಿಸಲು ಆಕೆಗೆ ನೆಲವಿಲ್ಲ. ಆ ನೆಲವನ್ನು ಕೊಡಬಲ್ಲವರು ಮಾವ, ಸಹೋದರರು, ಅಥವಾ ಊರಿನ ಜಮಾಅತ್. ಇಪ್ಪತ್ತು-ಮೂವತ್ತು ಅಡಿಯ ಒಂದು ಜಾಗ ಆಕೆಯ ಹೆಸರಿಗೆ ಬಂದರೆ ಉಳಿದ ದಾರಿ ತೆರೆದುಕೊಳ್ಳುತ್ತದೆ. ಮಗಳ ಮದುವೆಗೆ ಹತ್ತಾರು ಲಕ್ಷ ಖರ್ಚು ಮಾಡುವ ತೋಟದ ಮಾಲಕರು, ವ್ಯಾಪಾರಿಗಳು ನಮ್ಮ ಊರುಗಳಲ್ಲಿಲ್ಲವೇ? ಅವರಲ್ಲಿ ಒಬ್ಬರು ಊರಂಚಿನ ಒಂದು ನಿವೇಶನವನ್ನು ಸದಕಾ ಜಾರಿಯಾ ಎಂದು ಬಿಟ್ಟುಕೊಟ್ಟರೆ ಅದರ ಪ್ರತಿಫಲ ಅವರ ಕಬರಿನವರೆಗೂ ಹಿಂಬಾಲಿಸದೇ?

ಇನ್ನು ವಕ್ಫ್. ದೇಶದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿವೆ, ಅವುಗಳ ವಿಸ್ತೀರ್ಣ ಸುಮಾರು 6 ಲಕ್ಷ ಎಕರೆ ಎಂದು 2006ರ ಸಾಚಾರ್ ಸಮಿತಿಯ ವರದಿ ಹೇಳಿತ್ತು. ಅವುಗಳಿಂದ ಬರಬೇಕಾದ ಆದಾಯ ಬರುತ್ತಿಲ್ಲವೆಂದೂ ಹೇಳಿತ್ತು. ರಾಜ್ಯದ ವಕ್ಫ್ ಆಸ್ತಿಗಳ ದುರ್ಬಳಕೆಯ ಬಗ್ಗೆ 2012ರಲ್ಲಿ ಅನ್ವರ್ ಮಾಣಿಪ್ಪಾಡಿ ವರದಿಯು ಸಲ್ಲಿಕೆಯಾಗಿ ದೊಡ್ಡ ವಿವಾದವೇ ಎದ್ದಿತು. 2025ರ ಎಪ್ರಿಲ್‌ನಲ್ಲಿ ಕೇಂದ್ರ ಸರಕಾರದ ವಕ್ಫ್ ತಿದ್ದುಪಡಿ ಕಾಯ್ದೆ ಜಾರಿಗೆ ಬಂದಾಗ ನಾವು ಬೀದಿಗಿಳಿದು ಪ್ರತಿಭಟಿಸಿದೆವು. ಅದರ ಕೆಲವು ಅಂಶಗಳಿಗೆ ಅದೇ ವರ್ಷದ ಸೆಪ್ಟೆಂಬರ್ 15ರಂದು ಸುಪ್ರೀಮ್ ಕೋರ್ಟ್ ಮಧ್ಯಂತರ ತಡೆ ನೀಡಿತು. ಆ ಪ್ರತಿಭಟನೆ ನ್ಯಾಯವಾದುದೇ. ಆದರೆ ವಕ್ಫ್ ಬಡವರ, ಅನಾಥರ, ವಿಧವೆಯರ ಆಸ್ತಿ ಎಂದು ಅಲ್ಲಿ ಘೋಷಣೆ ಕೂಗಿದ ನಾವು, ನಮ್ಮ ಮಸೀದಿಯ ಲೆಕ್ಕಪುಸ್ತಕದಲ್ಲಿ ಆ ವಿಧವೆಯ ಹೆಸರಿನ ಒಂದು ಸಾಲನ್ನು ತೋರಿಸಬಲ್ಲೆವೇ? ಅಂಗಡಿ ಮಳಿಗೆಗಳನ್ನು ಕಟ್ಟಿ ಬಾಡಿಗೆಗೆ ಕೊಡುವ ಮಸೀದಿ ಕಮಿಟಿಗಳು ಅದರ ಮೇಲೆ ಎರಡು ಕೋಣೆಗಳನ್ನು ಕಟ್ಟಿಸಿ ನಿರಾಶ್ರಿತ ಕುಟುಂಬಗಳಿಗೆ ಮೀಸಲಿಟ್ಟರೆ ವಕ್ಫನ್ನು ಬಿಟ್ಟುಕೊಟ್ಟವರ ಉದ್ದೇಶಕ್ಕೆ ಅದಕ್ಕಿಂತ ಹತ್ತಿರವಾದದ್ದು ಬೇರೇನಿದೆ? ಪ್ರವಾದಿಯವರ(ಸ) ಮಸೀದಿಯಲ್ಲೇ ಸುಫ್ಫಾ ಎಂಬ ನೆರಳಿತ್ತು. ಮನೆಯಿಲ್ಲದವರು ಅಲ್ಲಿ ತಂಗುತ್ತಿದ್ದರು. ಮಕ್ಕಾದಿಂದ ಎಲ್ಲವನ್ನೂ ಬಿಟ್ಟು ಬಂದ ಮುಹಾಜಿರ್‌ಗಳನ್ನು ಮದೀನಾದ ಅನ್ಸಾರ್‌ಗಳು ತಮ್ಮ ಮನೆಗಳಲ್ಲಿ ಇರಿಸಿಕೊಂಡರು. ತಮಗೇ ಕೊರತೆಯಿದ್ದರೂ ಇತರರಿಗೆ ಆದ್ಯತೆ ಕೊಟ್ಟರೆಂದು ಕುರ್‌ಆನ್(59:9) ಅವರನ್ನು ಪ್ರಶಂಸಿಸಿತು. ನಮ್ಮ ಮೊದಲ ಸಮುದಾಯವು ಕಟ್ಟಲ್ಪಟ್ಟದ್ದೇ ವಸತಿಯ ಹಂಚಿಕೆಯಿಂದ.

ಹಾಗಾದರೆ ಒಂದು ಸಣ್ಣ ಊರಿನ ಜಮಾಅತ್ ಏನು ಮಾಡಬಹುದು? ಮೊದಲನೆಯದಾಗಿ, ಗುಟ್ಟು ಕಾಯಬಲ್ಲ ಇಬ್ಬರನ್ನು, ಅವರಲ್ಲಿ ಒಬ್ಬರು ಮಹಿಳೆಯಾಗಿರಲಿ, ಈ ಕೆಲಸಕ್ಕೆ ನೇಮಿಸಬೇಕು. ಕಾಯಿಲೆಯ ಸುದ್ದಿ ಅವರನ್ನು ದಾಟಿ ಹೋಗಬಾರದು. ಕಮಿಟಿಯ ಸಭೆಯಲ್ಲಿ ಚರ್ಚೆಯಾಗಬಾರದು, ವಾಟ್ಸ್‌ಆಪ್‌ನಲ್ಲಿ ಸಹಾಯದ ಮನವಿಯಾಗಿ ಹರಿದಾಡಬಾರದು. ನೆರವು ನೀಡುವವರಿಗೆ ತಿಳಿಯಬೇಕಾದದ್ದು ಒಂದು ಕುಟುಂಬಕ್ಕೆ ಮನೆ ಬೇಕೆಂಬುದಷ್ಟೇ. ಸಹೋದರನ ಕುಂದನ್ನು ಮುಚ್ಚುವವನ ಕುಂದನ್ನು ಅಲ್ಲಾಹನು ಮುಚ್ಚುವನೆಂಬ ಹದೀಸ್ ಇರುವಾಗ, ಕುಂದೇ ಅಲ್ಲದ ಕಾಯಿಲೆಯನ್ನು ಮುಚ್ಚುವುದು ಎಷ್ಟು ದೊಡ್ಡ ಪುಣ್ಯ!

ಎರಡನೆಯದಾಗಿ, ಬಾಡಿಗೆ ಮನೆಗೆ ಜಮಾಅತ್ ಜಾಮೀನು ನಿಲ್ಲಬೇಕು. ಅಡ್ವಾನ್ಸಿನ ಮೊತ್ತವನ್ನು ಕರ್ಝೆ ಹಸನ್ ಆಗಿ ಕೊಡಬಹುದು. ಮನೆ ಬಿಡುವಾಗ ಅದು ಮರಳಿ ನಿಧಿಗೆ ಬರುತ್ತದೆ. ಕರಾರು ಬರವಣಿಗೆಯಲ್ಲಿರಲಿ. ದುಡಿಯಲಾಗದ ತಿಂಗಳಲ್ಲಿ ಬಾಡಿಗೆಯನ್ನು ಝಕಾತ್‌ನಿಂದ ತುಂಬಬಹುದು. ಬಡವರು, ನಿರ್ಗತಿಕರು, ಸಾಲದಲ್ಲಿ ಮುಳುಗಿದವರು ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸೇರಿದ್ದಾರೆ(9:60). ಅವರ ರಕ್ತ ಪರೀಕ್ಷೆ ಮಾಡಿಸಿ ಕೊಡಿರೆಂದು ಕುರ್‌ಆನ್ ಎಲ್ಲೂ ಹೇಳಿಲ್ಲ. ಮೂರನೆಯದಾಗಿ, ವಸತಿ ಯೋಜನೆ, ಅಂತ್ಯೋದಯ ಚೀಟಿ, ವಿಧವಾ ವೇತನ, ಮಹಿಳಾ ಅಭಿವೃದ್ಧಿ ನಿಗಮದ ಧನಶ್ರೀ ಯೋಜನೆ ಇವುಗಳ ಅರ್ಜಿ ತುಂಬಿಸಲು ಒಬ್ಬ ವಿದ್ಯಾವಂತ ಯುವಕ ಅಥವಾ ಯುವತಿ ಜೊತೆ ಹೋಗಬೇಕು. ಎಆರ್‌ಟಿ ಕೇಂದ್ರದ ಆಪ್ತ ಸಮಾಲೋಚಕರನ್ನೂ, 1097 ಎಂಬ ಉಚಿತ ಸಹಾಯವಾಣಿಯನ್ನೂ ಸಂಪರ್ಕಿಸಿ ಮಾಹಿತಿ ಪಡೆಯಬಹುದು. ನಾಲ್ಕನೆಯದಾಗಿ, ಮನೆ ಬಿಡಿಸುವ ಮಾತು ಬಂದಾಗ ಊರಿನ ಇಬ್ಬರು ಹಿರಿಯರು ಹೋಗಿ ಮಾಲಕರೊಂದಿಗೋ ಮಾವನೊಂದಿಗೋ ಸಮಾಧಾನದಿಂದ ಮಾತನಾಡಬೇಕು. ಕಾನೂನು ಇದೆಯೆಂಬುದನ್ನು ಕೊನೆಯಲ್ಲಿ ನೆನಪಿಸಿದರೆ ಸಾಕು.

ಇದು ನಮ್ಮಿಂದಾಗದ ಕೆಲಸವೆಂದು ಯಾರೂ ಹೇಳದಿರಲಿ. ಉಗಾಂಡದಲ್ಲಿ ಏಡ್ಸ್ ಊರೂರನ್ನು ಬರಿದು ಮಾಡುತ್ತಿದ್ದಾಗ ಅಲ್ಲಿನ ಇಸ್ಲಾಮಿಕ್ ವೈದ್ಯಕೀಯ ಸಂಘವು 1992ರಿಂದ ಇಮಾಮರಿಗೆ ತರಬೇತಿ ನೀಡಿ ಮಸೀದಿಗಳ ಮೂಲಕ ಮನೆ ಮನೆಗೆ ತಿಳುವಳಿಕೆ ತಲುಪಿಸಿತು. ವಿಶ್ವಸಂಸ್ಥೆಯ ಏಡ್ಸ್ ಕಾರ್ಯಕ್ರಮವು ಅದನ್ನು ಮಾದರಿಯೆಂದು ದಾಖಲಿಸಿತು. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ 2000ದಲ್ಲಿ ಸೋಂಕಿತ ಮುಸ್ಲಿಮರಿಗಾಗಿಯೇ ಒಂದು ಸಂಘಟನೆ ಹುಟ್ಟಿಕೊಂಡಿತು. ವಿದ್ವಾಂಸ ಫರೀದ್ ಇಸಾಕ್ ಅದರ ಸ್ಥಾಪಕರಲ್ಲೊಬ್ಬರು. ಅವರ ಬಳಿ ಇದ್ದ ಕುರ್‌ಆನ್, ಹದೀಸ್, ಮಸೀದಿಗಳೇ ನಮ್ಮ ಬಳಿಯೂ ಇವೆ.

ಕೊನೆಯದಾಗಿ ಒಂದು ಮಾತು. ಬೆಂಗಳೂರಿನಲ್ಲಿ ಬಾಡಿಗೆ ಮನೆ ಹುಡುಕಿದ ಮುಸ್ಲಿಮ್ ಯುವಕರನ್ನು ಕೇಳಿ ನೋಡಿ. ಫೋನಿನಲ್ಲಿ ಎಲ್ಲವೂ ಸರಿಯಿರುತ್ತದೆ, ಹೆಸರು ಹೇಳಿದೊಡನೆ ಮನೆ ಬೇರೆಯವರಿಗೆ ಕೊಟ್ಟಾಗಿರುತ್ತದೆ. ಆ ಅವಮಾನ ಎಂಥದ್ದೆಂದು ನಮಗೆ ಗೊತ್ತು. ಅದರ ವಿರುದ್ಧ ನಾವು ಬರೆಯುತ್ತೇವೆ, ವೇದಿಕೆಗಳಲ್ಲಿ ಮಾತನಾಡುತ್ತೇವೆ, ಸಂವಿಧಾನವನ್ನು ಉಲ್ಲೇಖಿಸುತ್ತೇವೆ. ಗುರುತಿನ ಕಾರಣಕ್ಕೆ ಬಾಗಿಲು ಮುಚ್ಚಿಸಿಕೊಂಡ ಸಮುದಾಯವು ಕಾಯಿಲೆಯ ಕಾರಣಕ್ಕೆ ತನ್ನದೇ ಸಹೋದರಿಯ ಮುಂದೆ ಬಾಗಿಲು ಮುಚ್ಚಿದರೆ ನಮ್ಮ ಆ ಮಾತುಗಳಿಗೆ ಏನು ಬೆಲೆ ಉಳಿದೀತು? ನಿಮ್ಮ ಊರಿನ ಮಸೀದಿಯ ಮುಂದಿನ ಮಹಾಸಭೆಯಲ್ಲಿ ಯಾರ ಹೆಸರನ್ನೂ ಎತ್ತದೆ ಒಂದು ನಿರ್ಣಯವನ್ನು ಮಂಡಿಸಿರಿ: ಈ ಜಮಾಅತ್‌ನ ವ್ಯಾಪ್ತಿಯಲ್ಲಿ ಕಾಯಿಲೆಯ ಕಾರಣಕ್ಕೆ ಯಾವ ಕುಟುಂಬವೂ ಮನೆ ಕಳೆದುಕೊಳ್ಳಬಾರದು, ಅದಕ್ಕಾಗಿ ಇಷ್ಟು ಹಣವನ್ನು ಈ ವರ್ಷ ತೆಗೆದಿರಿಸಲಾಗಿದೆ. ಈ ಎರಡು ವಾಕ್ಯಗಳನ್ನು ಬರೆದು ಸಹಿ ಹಾಕಲು ಸರಕಾರದ ಅಪ್ಪಣೆ ಬೇಕಾಗಿಲ್ಲ.